ಸರ್ವ್ ಕೈಕೊಟ್ಟರೂ 3ನೇ ರ‍್ಯಾಂಕ್‌ವರೆಗೆ: ರಷ್ಯಾದ ಆಟಗಾರ್ತಿಯೊಬ್ಬಳ ಪ್ರಕರಣ

ಟೆನಿಸ್‌ನಲ್ಲಿ ಎದುರಾಳಿ ಅಡ್ಡಿಪಡಿಸಲು ಆಗದ ಹೊಡೆತ ಒಂದೇ ಒಂದು. ಅದು ಸರ್ವ್. ಚೆಂಡು ನಮ್ಮ ಕೈಯಲ್ಲೇ ಇರುತ್ತದೆ, ಮೇಲಕ್ಕೆ ಎಸೆಯುವವರೂ ನಾವೇ, ಹೊಡೆಯುವವರೂ ನಾವೇ. ಆ ಒಂದು ಹೊಡೆತವೇ ಸರಿಯಿಲ್ಲದ ಆಟಗಾರ್ತಿಯೊಬ್ಬಳು ಸುಮಾರು 12 ವರ್ಷ ವೃತ್ತಿಪರ ಟೆನಿಸ್ ಆಡಿದಳು. ವಿಶ್ವದ 3ನೇ ರ‍್ಯಾಂಕ್ ತಲುಪಿದಳು. 16 ಸಿಂಗಲ್ಸ್ ಪ್ರಶಸ್ತಿ ಗೆದ್ದಳು, ಒಲಿಂಪಿಕ್ ಚಿನ್ನ ತಂದಳು. ವರ್ಷದ ನಾಲ್ಕು ದೊಡ್ಡ ಟೂರ್ನಿಗಳಾದ ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಸಿಂಗಲ್ಸ್ ಪ್ರಶಸ್ತಿ ಮಾತ್ರ ಕೊನೆಯವರೆಗೂ ಸಿಗಲಿಲ್ಲ.

ಈ ಬರಹದಲ್ಲಿ ಆಕೆಯ ಹೆಸರಿಲ್ಲ. ಮನೆಯವರ, ಕೋಚ್‌ಗಳ ಹೆಸರೂ ಇಲ್ಲ. ಟೆನಿಸ್ ನೋಡುವವರಿಗೆ ಯಾರು ಅಂತ ಬೇಗ ಹೊಳೆಯಬಹುದು. ಹೊಳೆದರೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು ಓದಿ ಎಂದು ಕೇಳಿಕೊಳ್ಳುತ್ತೇನೆ. ಹೆಸರು ಬಂದ ತಕ್ಷಣ ಅದರ ಜೊತೆಗೆ ಹಳೆಯ ತೀರ್ಮಾನವೂ ಬಂದುಬಿಡುತ್ತದೆ: "ಸರ್ವ್ ಇದ್ದಿದ್ದರೆ ಗೆಲ್ಲುತ್ತಿದ್ದಳು." ಈ ಮಾತು ಪೂರ್ತಿ ತಪ್ಪಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಈ ಪ್ರಕರಣದಲ್ಲಿ ಕಲಿಯಬೇಕಾದದ್ದು ಮುಚ್ಚಿಹೋಗುತ್ತದೆ.

ಹಿನ್ನೆಲೆ

1981ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ಹುಡುಗಿ. ಅಮ್ಮ ಶಾಲೆಯಲ್ಲಿ ಟೀಚರ್. ಏಳನೇ ವಯಸ್ಸಿಗೆ ಟೆನಿಸ್ ಕಲಿಯಲು ಹೊರಟಾಗ ನಗರದ ಎರಡು ದೊಡ್ಡ ಕ್ರೀಡಾ ಕ್ಲಬ್‌ಗಳು, ಡೈನಮೊ ಮತ್ತು ಸೇನೆಯ ಕ್ಲಬ್, ಆಕೆಯನ್ನು ತೆಗೆದುಕೊಳ್ಳಲಿಲ್ಲ. ಮೂರನೆಯದಾದ ಸ್ಪಾರ್ಟಕ್ ಕ್ಲಬ್‌ನಲ್ಲಿ ಜಾಗ ಸಿಕ್ಕಿತು.

ಆಗಿನ ರಷ್ಯಾ ಹೇಗಿತ್ತು ಅಂತ ಇಲ್ಲಿ ಹೇಳಲೇಬೇಕು. 1988ರ ಸೋಲ್ ಒಲಿಂಪಿಕ್ಸ್‌ಗೆ ಟೆನಿಸ್ ಪೂರ್ಣ ಪದಕದ ಆಟವಾಗಿ ವಾಪಸ್ ಬಂತು. ಪದಕ ಇದೆ ಎಂದಮೇಲೆ ಸೋವಿಯತ್ ಕ್ರೀಡಾ ವ್ಯವಸ್ಥೆ ಟೆನಿಸ್ ಕಡೆ ಗಮನ ಕೊಡತೊಡಗಿತು. ಆದರೆ 1991ರಲ್ಲಿ ಆ ದೇಶವೇ ಒಡೆದುಹೋಯಿತು. ಸರ್ಕಾರದ ದುಡ್ಡು ನಿಂತಿತು, ಕೋಚ್‌ಗಳು ಮಾತ್ರ ಉಳಿದರು. ಸ್ಪಾರ್ಟಕ್‌ನಲ್ಲಿ ಮಕ್ಕಳಿಗೆ ಚೆಂಡಿಲ್ಲದೆಯೇ ಹೊಡೆತದ ಚಲನೆಯನ್ನು ಮತ್ತೆ ಮತ್ತೆ ಮಾಡಿಸುತ್ತಿದ್ದರು. ಕಾಲು, ಸೊಂಟ, ಭುಜ, ಮಣಿಕಟ್ಟು ಯಾವ ಕ್ರಮದಲ್ಲಿ ಏಳಬೇಕು ಅನ್ನುವುದು ಮೈಗೆ ಹತ್ತುವವರೆಗೂ ಬಿಡುತ್ತಿರಲಿಲ್ಲ. ಅಲ್ಲಿಂದ ಬಂದ ಹುಡುಗಿಗೆ ತಂತ್ರ ಗೊತ್ತಿರಲಿಲ್ಲ ಎಂದು ಯಾರೂ ಹೇಳಲಾಗದು. ಈ ಅಂಶ ಮುಂದೆ ಬೇಕಾಗುತ್ತದೆ.

1998ರಲ್ಲಿ ವೃತ್ತಿಪರಳಾದಳು. ಮರುವರ್ಷ ದೇಶಗಳ ನಡುವಿನ ಮಹಿಳಾ ತಂಡ ಟೂರ್ನಿಯಾದ ಫೆಡ್ ಕಪ್‌ನ ಫೈನಲ್‌ನಲ್ಲಿ ಅಮೆರಿಕದ ವಿರುದ್ಧ ರಷ್ಯಾ ಸೋತರೂ ಈಕೆ ವೀನಸ್ ವಿಲಿಯಮ್ಸ್‌ಳನ್ನು ಸೋಲಿಸಿದಳು. ಆಗ ವಯಸ್ಸು 17. 2000ದಲ್ಲಿ ಯುಎಸ್ ಓಪನ್ ಸೆಮಿಫೈನಲ್, ಕೆಲವೇ ದಿನಗಳ ಬಳಿಕ ಸಿಡ್ನಿ ಒಲಿಂಪಿಕ್ಸ್‌ನಲ್ಲಿ ಬೆಳ್ಳಿ. ಫೈನಲ್‌ನಲ್ಲಿ ವೀನಸ್ ಎದುರು 2–6, 4–6ರಿಂದ ಸೋಲು. ಹತ್ತೊಂಬತ್ತಕ್ಕೂ ಮುಂಚೆ ಇಷ್ಟು ಸಾಧನೆ ಅಂದರೆ ಎಲ್ಲರಿಗೂ ಮುಂದಿನ ದಾರಿ ನೇರ ಕಾಣುತ್ತದೆ, ಅಲ್ವಾ? ಇಲ್ಲಿ ಹಾಗಾಗಲಿಲ್ಲ.

ಸಮಸ್ಯೆ ಎಲ್ಲಿತ್ತು

ಬಲಗೈ ಆಟಗಾರ್ತಿ. ಬಲ ಭುಜಕ್ಕೆ ನೋವು ಬಂತು. ಆಟ ನಿಲ್ಲಿಸದೆ ನೋವನ್ನು ತಪ್ಪಿಸಿಕೊಂಡು ಸರ್ವ್ ಮಾಡುವ ದಾರಿಯನ್ನು ದೇಹ ತಾನೇ ಹುಡುಕಿಕೊಂಡಿತು. ಚೆಂಡನ್ನು ತಲೆಯ ಮೇಲೆ ಎಸೆಯುವ ಬದಲು ಬಲಗಡೆಗೆ ಎಸೆಯುವುದು, ರಾಕೆಟ್ಟನ್ನು ಪೂರ್ತಿ ಮೇಲಕ್ಕೆ ಎತ್ತದೆ ಪಕ್ಕದಿಂದ ಸವರಿ ಹೊಡೆಯುವುದು. ಸ್ಲೈಸ್ ಸರ್ವ್ ಅನ್ನುವುದು ಇದನ್ನೇ. ಸ್ಲೈಸ್ ಕೆಟ್ಟ ಸರ್ವ್ ಅಲ್ಲ, ಒಳ್ಳೆಯ ಆಟಗಾರರೆಲ್ಲ ಬಳಸುತ್ತಾರೆ. ಈಕೆಗೆ ಮಾತ್ರ ಅದು ಹಲವು ಸರ್ವ್‌ಗಳಲ್ಲಿ ಒಂದಾಗಿ ಉಳಿಯದೆ ಇರುವ ಒಂದೇ ಸರ್ವ್ ಆಗಿಬಿಟ್ಟಿತು.

ಸ್ವಲ್ಪ ಹತ್ತಿರದಿಂದ ನೋಡೋಣ. ಅಂಗಣದ ಹಿಂಬದಿಯ ಗೆರೆಯಾದ ಬೇಸ್‌ಲೈನ್‌ನಿಂದ ನೆಟ್‌ಗೆ 11.88 ಮೀಟರ್. ನೆಟ್‌ನ ಎತ್ತರ ನಡುವಿನಲ್ಲಿ 91.4 ಸೆಂ.ಮೀ. ಅದನ್ನು ದಾಟಿದ ಚೆಂಡು 6.4 ಮೀಟರ್ ಉದ್ದದ ಪೆಟ್ಟಿಗೆಯೊಳಗೆ ಬೀಳಬೇಕು. ಮೊದಲ ಸರ್ವ್ ತಪ್ಪಿದರೆ ಎರಡನೆಯದು ಹೇಗಾದರೂ ಒಳಗೆ ಬೀಳಲೇಬೇಕು. ಅದಕ್ಕೆಂದು ಹೆಚ್ಚಿನವರು ಚೆಂಡನ್ನು ಕೆಳಗಿನಿಂದ ಮೇಲಕ್ಕೆ ಸವರಿ ಹೊಡೆಯುತ್ತಾರೆ. ಚೆಂಡು ನೆಟ್ ಮೇಲೆ ಸಾಕಷ್ಟು ಎತ್ತರದಲ್ಲಿ ಹೋಗಿ, ಮುಂದಕ್ಕೆ ಉರುಳುವ ಸ್ಪಿನ್‌ನಿಂದ ಸರಕ್ಕನೆ ಕೆಳಗಿಳಿದು, ಬಿದ್ದಲ್ಲಿಂದ ಎದೆಮಟ್ಟಕ್ಕೆ ಪುಟಿಯುತ್ತದೆ. ಇದಕ್ಕೆ ಬೆನ್ನು ಬಾಗಬೇಕು, ಭುಜ ಮೇಲೇಳಬೇಕು. ನೋಯುವ ಭುಜಕ್ಕೆ ಅದೇ ಕಷ್ಟ.

ಪಕ್ಕದ ಸ್ಪಿನ್ ಚೆಂಡನ್ನು ಕೆಳಗೆ ಎಳೆಯುವುದಿಲ್ಲ, ಬರೀ ಪಕ್ಕಕ್ಕೆ ಒಯ್ಯುತ್ತದೆ. ಹಾಗಾಗಿ ಚೆಂಡು ಒಳಗೆ ಬೀಳಬೇಕಾದರೆ ವೇಗ ಕಡಿಮೆ ಮಾಡುವುದೊಂದೇ ಉಪಾಯ. ಎಷ್ಟೋ ಸಲ ಈಕೆಯ ಎರಡನೇ ಸರ್ವ್ ಗಂಟೆಗೆ 110 ಕಿ.ಮೀ.ಗೂ ಕಡಿಮೆ ವೇಗದಲ್ಲಿ ಹೋಗುತ್ತಿತ್ತು. ಎದುರಾಳಿಗಳು ಬೇಸ್‌ಲೈನ್ ಬಿಟ್ಟು ಒಳಗೆ ಬಂದು ನಿಂತು ಕಾಯುತ್ತಿದ್ದರು. ಅವರು ಒಳಗೆ ಬಂದಿರುವುದನ್ನು ಕಂಡಾಗ ಇನ್ನೂ ಮೂಲೆಗೆ ಹಾಕಬೇಕು ಅನ್ನಿಸುತ್ತದೆ. ಮೂಲೆಗೆ ಹಾಕಲು ಹೋದರೆ ಡಬಲ್ ಫಾಲ್ಟ್, ಅಂದರೆ ಎರಡೂ ಸರ್ವ್ ತಪ್ಪಿ ಪಾಯಿಂಟ್ ಎದುರಾಳಿಗೆ. ಒತ್ತಡ ಹೆಚ್ಚಿದಾಗ ಕೈ ಬಿಗಿಯುತ್ತದೆ, ಕೈ ನಿಧಾನವಾದರೆ ಸ್ಪಿನ್ನೂ ಕಡಿಮೆಯಾಗುತ್ತದೆ. ಅಂದರೆ ಅತಿ ಮುಖ್ಯವಾದ ಪಾಯಿಂಟ್‌ನಲ್ಲೇ ಈ ಸರ್ವ್ ಕೈಕೊಡುವ ಸಾಧ್ಯತೆ ಜಾಸ್ತಿ.

"ಮನಸ್ಸು ಗಟ್ಟಿ ಇಲ್ಲ" ಎಂದು ಆಗ ತುಂಬಾ ಜನ ಬರೆದರು. ನನಗೆ ಅದು ಅನ್ಯಾಯದ ಮಾತು ಅನ್ನಿಸುತ್ತದೆ. ಮನಸ್ಸು ಎಲ್ಲರಿಗೂ ಅಲುಗಾಡುತ್ತದೆ. ಅಲುಗಾಡಿದಾಗಲೂ ನಿಲ್ಲುವ ಹೊಡೆತ ಇದ್ದವರು ಬಚಾವಾಗುತ್ತಾರೆ. ಈಕೆಯ ಬಳಿ ಅಂಥ ಹೊಡೆತ ಇರಲಿಲ್ಲ.

ಮೊದಲ ನಿರ್ಧಾರ: ಉಳಿದದ್ದನ್ನು ಬಲಪಡಿಸುವುದು

ಸರ್ವ್ ಸರಿಯಾಗುವವರೆಗೆ ಕಾದು ಕೂರಲಿಲ್ಲ. ನನ್ನ ಸರ್ವ್ ಗೇಮ್ ನಾನು ಕಳೆದುಕೊಂಡರೆ ನಿನ್ನದನ್ನೂ ಕಿತ್ತುಕೊಳ್ಳುತ್ತೇನೆ ಅನ್ನುವ ಹಾಗೆ ಆಟ ಕಟ್ಟಿಕೊಂಡಳು. ಎದುರಾಳಿಯ ಸರ್ವ್‌ಗೆ ಕೊಡುವ ಉತ್ತರ ಆ ಕಾಲದ ಅತ್ಯುತ್ತಮ ರಿಟರ್ನ್‌ಗಳಲ್ಲಿ ಒಂದಾಯಿತು. ಓಡುತ್ತಾ ಹೊಡೆಯುವ ಫೋರ್‌ಹ್ಯಾಂಡ್, ಚೆಂಡು ಏಳುವಾಗಲೇ ಹೊಡೆಯುವ ಎರಡು ಕೈಯ ಬ್ಯಾಕ್‌ಹ್ಯಾಂಡ್, ಮೂರನೇ ಸೆಟ್‌ನಲ್ಲೂ ಸೋಲದ ಕಾಲು. ಡಬಲ್ಸ್ ಕೂಡ ಬಿಡಲಿಲ್ಲ. 2002ರಲ್ಲಿ ಸ್ಲೊವಾಕಿಯಾದ ಜೊತೆಗಾರ್ತಿಯೊಂದಿಗೆ ಮಹಿಳಾ ವೃತ್ತಿಪರ ಟೆನಿಸ್‌ನ ಸಂಸ್ಥೆಯಾದ ಡಬ್ಲ್ಯುಟಿಎಯ ವರ್ಷಾಂತ್ಯದ ಚಾಂಪಿಯನ್‌ಷಿಪ್ ಗೆದ್ದಳು, ಯುಎಸ್ ಓಪನ್ ಡಬಲ್ಸ್ ಫೈನಲ್ ಆಡಿದಳು.

ಸಿಂಗಲ್ಸ್‌ನಲ್ಲಿ ಮೊದಲ ಪ್ರಶಸ್ತಿಗೆ 2003ರ ಏಪ್ರಿಲ್‌ವರೆಗೆ ಕಾಯಬೇಕಾಯಿತು. ಫ್ಲಾರಿಡಾದ ಅಮೀಲಿಯಾ ಐಲ್ಯಾಂಡ್‌ನಲ್ಲಿ ಜಸ್ಟಿನ್ ಹೆನಿನ್, ಆಮೇಲೆ ಲಿಂಡ್ಸೆ ಡೇವನ್‌ಪೋರ್ಟ್ ಇಬ್ಬರನ್ನೂ ಸೋಲಿಸಿದಳು. ಆ ವರ್ಷವೇ ಬಾಲಿ ಮತ್ತು ಶಾಂಘೈಯಲ್ಲೂ ಗೆಲುವು. ಸರ್ವ್ ಹಾಗೇ ಇತ್ತು, ಸುತ್ತಲಿನ ಆಟ ಅದನ್ನು ಹೊತ್ತುಕೊಂಡಿತು.

ಇದು ಸರಿಯಾದ ನಿರ್ಧಾರವೇ? ಆ ಹೊತ್ತಿಗೆ ಹೌದು ಎನ್ನುತ್ತೇನೆ. 21 ವರ್ಷದ ಆಟಗಾರ್ತಿಗೆ ಆತ್ಮವಿಶ್ವಾಸ ಬೇಕಿತ್ತು, ಗೆಲುವೂ ಬೇಕಿತ್ತು. ಆದರೆ ಇದಕ್ಕೊಂದು ಬೆಲೆ ಇತ್ತು. ಗೆಲುವು ಬರುತ್ತಿದ್ದಷ್ಟು ದಿನ ಸರ್ವ್ ದುರಸ್ತಿಯನ್ನು ಮುಂದೂಡುವುದು ಸುಲಭವಾಯಿತು. ನೋವಿನ ಕಾಲದ ಅಭ್ಯಾಸ ನಿಧಾನವಾಗಿ ಕಾಯಂ ಆಯಿತು.

2004: ಬಿಲ್ ಬಂದ ವರ್ಷ

ಆ ವರ್ಷ ರಷ್ಯಾದ ಮಹಿಳೆಯರು ನಾಲ್ಕು ಗ್ರ್ಯಾನ್‌ಸ್ಲಾಮ್‌ಗಳಲ್ಲಿ ಮೂರನ್ನು ಗೆದ್ದರು. ಅದಕ್ಕೂ ಮುಂಚೆ ಒಬ್ಬ ರಷ್ಯನ್ ಮಹಿಳೆಯೂ ಗ್ರ್ಯಾನ್‌ಸ್ಲಾಮ್ ಸಿಂಗಲ್ಸ್ ಗೆದ್ದಿರಲಿಲ್ಲ. ಆ ಮೂರು ಫೈನಲ್‌ಗಳಲ್ಲಿ ಎರಡರಲ್ಲಿ ನಮ್ಮ ಆಟಗಾರ್ತಿ ಇದ್ದಳು, ಎರಡರಲ್ಲೂ ಸೋತಳು.

ಫ್ರೆಂಚ್ ಓಪನ್ ನಡೆಯುವ ಪ್ಯಾರಿಸ್‌ನ ರೋಲ್ಯಾಂಡ್ ಗ್ಯಾರೋಸ್. ಆವೆಮಣ್ಣಿನ ಅಂಗಣ ನಿಧಾನ, ಸರ್ವ್‌ಗೆ ಅಷ್ಟು ಬೆಲೆ ಇಲ್ಲ, ಹಾಗಾಗಿ ಈಕೆಗೆ ಹೇಳಿಮಾಡಿಸಿದ ಜಾಗ. ಡೇವನ್‌ಪೋರ್ಟ್‌ಳನ್ನು ಸೋಲಿಸಿದಳು. ಊರಿನವರ ಕಣ್ಮಣಿ ಅಮೆಲಿ ಮೊರೆಸ್ಮೊಳನ್ನೂ ಸೋಲಿಸಿದಳು. ಫೈನಲ್‌ನಲ್ಲಿ ಎದುರಿಗೆ ಇದ್ದವಳು ಬಾಲ್ಯದಿಂದ ಅದೇ ಸ್ಪಾರ್ಟಕ್‌ನಲ್ಲಿ ಆಡಿ ಬೆಳೆದವಳು. ಇಬ್ಬರು ರಷ್ಯನ್ನರು ಆಡಿದ ಮೊಟ್ಟಮೊದಲ ಮಹಿಳಾ ಗ್ರ್ಯಾನ್‌ಸ್ಲಾಮ್ ಫೈನಲ್ ಅದು. ಹತ್ತು ಡಬಲ್ ಫಾಲ್ಟ್‌ಗಳಾದವು. 1–6, 2–6, ಸುಮಾರು ಒಂದು ಗಂಟೆಯಲ್ಲಿ ಎಲ್ಲ ಮುಗಿಯಿತು.

ಈ ಪಂದ್ಯವನ್ನು ನಾನು ಪ್ರಕರಣದ ಕೇಂದ್ರ ಎಂದು ಪರಿಗಣಿಸುತ್ತೇನೆ. ಡಬಲ್ ಫಾಲ್ಟ್‌ನ ನಷ್ಟ ಹತ್ತು ಪಾಯಿಂಟ್ ಮಾತ್ರ ಅಲ್ಲ. ಒಂದು ಡಬಲ್ ಫಾಲ್ಟ್ ಆದ ಮೇಲೆ ಮುಂದಿನ ಮೊದಲ ಸರ್ವ್ ಕೂಡ ಮೆತ್ತಗಾಗುತ್ತದೆ. ಮೆತ್ತಗಾದ ಸರ್ವ್‌ಗೆ ಬರುವ ಉತ್ತರ ಜೋರಾಗಿರುತ್ತದೆ. ಆಗ ಕಾಲು, ಫೋರ್‌ಹ್ಯಾಂಡ್, ರ‍್ಯಾಲಿ (ಚೆಂಡು ಅತ್ತಿತ್ತ ಹೋಗಿಬರುವ ಆಟ) ಎಂದು ಐದು ವರ್ಷ ಕಟ್ಟಿದ ಬಲವೆಲ್ಲ ಶುರುವಾಗುವುದಕ್ಕೇ ಅವಕಾಶ ಸಿಗುವುದಿಲ್ಲ. ದೋಷವನ್ನು ಉಳಿದ ಆಟ ಮುಚ್ಚಬೇಕಾದರೆ ರ‍್ಯಾಲಿ ಶುರುವಾಗಬೇಕು. ಅಂದು ರ‍್ಯಾಲಿಯೇ ಶುರುವಾಗಲಿಲ್ಲ.

ಅದೇ ಬೇಸಿಗೆ ಅಥೆನ್ಸ್ ಒಲಿಂಪಿಕ್ಸ್‌ನಲ್ಲಿ ಮೊದಲ ಸುತ್ತಿನಲ್ಲೇ ಸೋಲು. ಆಮೇಲೆ ಯುಎಸ್ ಓಪನ್. ಕ್ವಾರ್ಟರ್‌ಫೈನಲ್ ಮತ್ತು ಸೆಮಿಫೈನಲ್ ಎರಡನ್ನೂ ಮೂರನೇ ಸೆಟ್‌ನ ಟೈಬ್ರೇಕ್‌ನಲ್ಲಿ (6–6 ಸಮವಾದಾಗ ಆಡುವ ನಿರ್ಣಾಯಕ ಗೇಮ್) ಗೆದ್ದು ಫೈನಲ್‌ಗೆ ಬಂದಳು. ಅಲ್ಲಿ ಮತ್ತೊಬ್ಬ ರಷ್ಯನ್ ಆಟಗಾರ್ತಿ, 3–6, 5–7. ಎರಡು ಮೂರನೇ ಸೆಟ್ ಟೈಬ್ರೇಕ್ ಗೆದ್ದವಳ ಮನಸ್ಸು ದುರ್ಬಲ ಎಂದು ಹೇಗೆ ಹೇಳುವುದು?

ದುರಸ್ತಿಯ ವರ್ಷಗಳು

ಈಗ ಸರ್ವ್ ಸರಿಪಡಿಸುವುದು ಅನಿವಾರ್ಯವಾಯಿತು. ಬೇರೆ ಬೇರೆ ಕೋಚ್‌ಗಳು, ಸರ್ವ್ ಮೇಲೆ ಮಾತ್ರ ಕೆಲಸ ಮಾಡುವ ತಜ್ಞರು ಬಂದರು. ಎಸೆತ ಎಲ್ಲಿರಬೇಕು, ಹಿಡಿತ ಹೇಗಿರಬೇಕು, ಮೊಣಕಾಲು ಎಷ್ಟು ಬಾಗಬೇಕು ಎಂದು ಎಲ್ಲವನ್ನೂ ಒಂದೊಂದಾಗಿ ಮುಟ್ಟಿ ನೋಡಿದರು. ಫಲ ಬಂದದ್ದು ಏರಿಳಿತವಾಗಿ. ಒಂದು ವಾರ ಚೆನ್ನಾಗಿ ನಡೆದರೆ ಮರುವಾರ ಹಳೆಯ ರೂಪ ವಾಪಸ್.

ಕಾರಣ ವೃತ್ತಿಪರ ಟೆನಿಸ್‌ನ ಕ್ಯಾಲೆಂಡರ್‌ನಲ್ಲೇ ಇದೆ. ಜನವರಿಯಿಂದ ನವೆಂಬರ್‌ವರೆಗೆ ಟೂರ್ನಿಗಳು. ರ‍್ಯಾಂಕಿಂಗ್ ಪಾಯಿಂಟ್‌ಗಳು 52 ವಾರಕ್ಕೆ ಅಳಿಸಿಹೋಗುತ್ತವೆ, ಹಾಗಾಗಿ ಹೋದ ವರ್ಷ ಗೆದ್ದಲ್ಲಿ ಈ ವರ್ಷವೂ ಆಡಲೇಬೇಕು. ಹತ್ತಾರು ಸಾವಿರ ಸಲ ಮಾಡಿ ಮೈಗಂಟಿದ ಚಲನೆಯನ್ನು ಕೆಲವೇ ವಾರಗಳ ಬಿಡುವಿನಲ್ಲಿ ಕಿತ್ತು ಹೊಸದು ಕೂರಿಸಬೇಕು, ತಕ್ಷಣ ಪಂದ್ಯದಲ್ಲಿ ಪರೀಕ್ಷೆಗೂ ಒಡ್ಡಬೇಕು. ಮಳೆಗಾಲದ ಮಧ್ಯೆ ಮನೆಯ ಹೆಂಚು ತೆಗೆದು ಹೊಸದಾಗಿ ಹೊದಿಸಲು ಹೊರಟ ಹಾಗೆ.

ಪೂರ್ತಿ ಆರು ತಿಂಗಳು ಬಿಡುವು ತೆಗೆದುಕೊಂಡು ಸರ್ವ್ ಮರುಕಟ್ಟುವ ದಾರಿ ಇತ್ತು. ಆಕೆ ಅದನ್ನು ಆರಿಸಲಿಲ್ಲ. 1999ರ ಆಸ್ಟ್ರೇಲಿಯನ್ ಓಪನ್‌ನಿಂದ ಹಿಡಿದು ಸತತವಾಗಿ 46 ಗ್ರ್ಯಾನ್‌ಸ್ಲಾಮ್ ಆಡಿದವಳು ಆಕೆ. ಒಂದನ್ನೂ ಬಿಡದೆ ಆಡುವುದು ಆಕೆಯ ದೊಡ್ಡ ಬಲ. ದುರಸ್ತಿಗೆ ಸಮಯ ಸಿಗದೇ ಇದ್ದದ್ದೂ ಅದೇ ಕಾರಣಕ್ಕೆ.

ಈ ನಡುವೆ 2005ರ ಸೆಪ್ಟೆಂಬರ್ ಬಂತು. ಪ್ಯಾರಿಸ್‌ನಲ್ಲೇ ಫೆಡ್ ಕಪ್ ಫೈನಲ್, ಎದುರಿಗೆ ಫ್ರಾನ್ಸ್, ಗ್ಯಾಲರಿ ತುಂಬಾ ಅವರದೇ ಜನ. ರಷ್ಯಾ 3–2ರಿಂದ ಗೆದ್ದಿತು. ಆ ಮೂರೂ ಗೆಲುವುಗಳಲ್ಲಿ ಈಕೆ ಇದ್ದಳು: ಮೇರಿ ಪಿಯರ್ಸ್ ವಿರುದ್ಧ, ಮೊರೆಸ್ಮೊ ವಿರುದ್ಧ, ಕೊನೆಗೆ ಅವರಿಬ್ಬರ ವಿರುದ್ಧ ಡಬಲ್ಸ್‌ನಲ್ಲೂ. ಮೂರೂ ಪಂದ್ಯ ಮೂರು ಸೆಟ್‌ವರೆಗೆ ಹೋದವು. ಒಂದು ವರ್ಷದ ಹಿಂದೆ ಇದೇ ರೋಲ್ಯಾಂಡ್ ಗ್ಯಾರೋಸ್‌ನಲ್ಲಿ ಕುಸಿದ ಸರ್ವ್ ಅಂದೂ ದೊಡ್ಡದಾಗಿ ಸುಧಾರಿಸಿರಲಿಲ್ಲ. ತಂಡಕ್ಕಾಗಿ ಆಡುವಾಗ ಆಕೆ ಅದರ ಮೇಲಿನ ಗಮನವನ್ನು ಬಿಟ್ಟುಕೊಡಬಲ್ಲವಳಾಗಿದ್ದಳು ಎಂದು ನನ್ನ ಊಹೆ. ದೇಶದ ಬಣ್ಣ ತೊಟ್ಟಾಗ ಆಕೆಯ ಆಟ ಬೇರೆಯೇ ಆಗುತ್ತಿತ್ತು, ದಾಖಲೆಯೇ ಅದನ್ನು ಹೇಳುತ್ತದೆ.

2007ರಲ್ಲಿ ಪಕ್ಕೆಲುಬಿನ ಗಾಯ, ರ‍್ಯಾಂಕ್‌ನಲ್ಲಿ ಕುಸಿತ. ಆದರೂ ವರ್ಷದ ಕೊನೆಗೆ ಮಾಸ್ಕೋದ ಕ್ರೆಮ್ಲಿನ್ ಕಪ್ ಫೈನಲ್‌ನಲ್ಲಿ ಸೆರೆನಾ ವಿಲಿಯಮ್ಸ್‌ಳನ್ನು 5–7, 6–1, 6–1ರಿಂದ ಸೋಲಿಸಿದಳು. ಅಲ್ಲಿಯವರೆಗೆ ಸೆರೆನಾಳನ್ನು ಒಮ್ಮೆಯೂ ಸೋಲಿಸಿರಲಿಲ್ಲ.

ತಿರುವು

2008ರ ಹೊತ್ತಿಗೆ ಸರ್ವ್ ಬದಲಾಗಿತ್ತು. ಬಿರುಸಾಯಿತು ಅಂತಲ್ಲ. ಮೊದಲ ಸರ್ವ್ ನೇರವಾಯಿತು, ಎರಡನೆಯದರ ಮೇಲೆ ಸ್ವಲ್ಪ ಭರವಸೆ ಬಂತು, ಡಬಲ್ ಫಾಲ್ಟ್ ಕಡಿಮೆಯಾದವು. ನನ್ನ ಓದಿನಲ್ಲಿ ನಿಜವಾದ ಬದಲಾವಣೆ ಗುರಿಯಲ್ಲಿದೆ. ಸರ್ವ್‌ನಿಂದ ಪಾಯಿಂಟ್ ಗೆಲ್ಲಬೇಕಾಗಿಲ್ಲ, ಪಾಯಿಂಟನ್ನು ಸಮಸ್ಥಿತಿಯಲ್ಲಿ ಶುರುಮಾಡಿಕೊಟ್ಟರೆ ಸಾಕು. ಉಳಿದದ್ದಕ್ಕೆ ಕಾಲು ಇದೆ, ಬ್ಯಾಕ್‌ಹ್ಯಾಂಡ್ ಇದೆ. ಪ್ಯಾರಿಸ್‌ನಲ್ಲಿ ಸಿಗದೇ ಹೋದದ್ದು ಇಷ್ಟೇ ತಾನೇ.

ದಾರಿ ಆಗಲೂ ಸುಗಮವಿರಲಿಲ್ಲ. ಆ ವರ್ಷದ ಫ್ರೆಂಚ್ ಓಪನ್ ಕ್ವಾರ್ಟರ್‌ಫೈನಲ್‌ನಲ್ಲಿ ತನ್ನದೇ ದೇಶದ ಕಿರಿಯ ಆಟಗಾರ್ತಿಯ ವಿರುದ್ಧ ಮೊದಲ ಸೆಟ್ ಗೆದ್ದು, ಎರಡನೆಯದರಲ್ಲಿ ಮ್ಯಾಚ್ ಪಾಯಿಂಟ್ ತನಕ ಹೋಗಿ, ಕೊನೆಗೆ 0–6ರಿಂದ ಮೂರನೇ ಸೆಟ್ ಕಳೆದುಕೊಂಡಳು. ಎರಡೂವರೆ ತಿಂಗಳ ನಂತರ ಬೀಜಿಂಗ್ ಒಲಿಂಪಿಕ್ಸ್. ಕ್ವಾರ್ಟರ್‌ಫೈನಲ್‌ನಲ್ಲಿ ಸೆರೆನಾ ವಿರುದ್ಧ ಮೊದಲ ಸೆಟ್ ಸೋತು ಗೆದ್ದಳು. ಫೈನಲ್‌ನಲ್ಲಿ ಎದುರಾದವಳು ಪ್ಯಾರಿಸ್‌ನಲ್ಲಿ ಸೋಲಿಸಿದ್ದ ಅದೇ ಕಿರಿಯ ಆಟಗಾರ್ತಿ. ಅಲ್ಲೂ ಮೊದಲ ಸೆಟ್ ಹೋಯಿತು. 3–6, 7–5, 6–3, ಚಿನ್ನ. ಬೆಳ್ಳಿ, ಕಂಚು ಕೂಡ ರಷ್ಯಾಕ್ಕೇ ಬಂದವು.

ತನಗೆ ಯಾವ ಗ್ರ್ಯಾನ್‌ಸ್ಲಾಮ್‌ಗಿಂತಲೂ ಒಲಿಂಪಿಕ್ ಚಿನ್ನ ದೊಡ್ಡದು ಎಂದು ಆಕೆ ಮೊದಲಿನಿಂದ ಹೇಳುತ್ತಿದ್ದಳು. ಬೇರೆ ದೇಶದ ಪತ್ರಕರ್ತರು ಇದನ್ನು ಸಮಾಧಾನದ ಮಾತು ಎಂದುಕೊಂಡರು. ಆದರೆ ಆಕೆ ಬೆಳೆದದ್ದು ಸೋವಿಯತ್ ಕ್ಲಬ್‌ನಲ್ಲಿ, ಆ ವ್ಯವಸ್ಥೆ ಟೆನಿಸ್ ಕಡೆ ಗಮನ ಕೊಡತೊಡಗಿದ್ದೇ ಒಲಿಂಪಿಕ್ ಪದಕದ ಆಸೆಯಿಂದ. ಆಕೆಯ ಮಾತನ್ನು ಹಾಗೇ ನಂಬಬೇಕು ಎಂದು ನನ್ನ ಅಭಿಪ್ರಾಯ.

ಅಲ್ಲಿಂದ ಮುಂದಿನ ಒಂದು ವರ್ಷ ಆಕೆಯ ಆಟದ ಎತ್ತರದ ಕಾಲ. 2009 ಶುರುವಾದದ್ದೇ ಆಕ್ಲೆಂಡ್ ಮತ್ತು ಸಿಡ್ನಿ ಪ್ರಶಸ್ತಿಗಳಿಂದ, ಸತತ 15 ಗೆಲುವುಗಳಿಂದ. ಏಪ್ರಿಲ್‌ನಲ್ಲಿ 3ನೇ ರ‍್ಯಾಂಕ್. ಜುಲೈನಲ್ಲಿ ವಿಂಬಲ್ಡನ್ ಸೆಮಿಫೈನಲ್, ಸೆರೆನಾ ವಿರುದ್ಧ.

ಹುಲ್ಲಿನಂಗಣದಲ್ಲಿ ಸರ್ವ್ ಇಲ್ಲದವರು ಉಳಿಯುವುದಿಲ್ಲ ಎನ್ನುತ್ತಾರೆ. ಆ ದಿನ ಸೆರೆನಾ 20 ಏಸ್, ಅಂದರೆ ಎದುರಾಳಿಗೆ ಮುಟ್ಟಲೂ ಆಗದ ಸರ್ವ್, ಹೊಡೆದಳು. ಆದರೂ ಪಂದ್ಯ 2 ಗಂಟೆ 49 ನಿಮಿಷ ನಡೆಯಿತು. ಮೂರನೇ ಸೆಟ್‌ನಲ್ಲಿ 5–4 ಇದ್ದಾಗ ನಮ್ಮ ಆಟಗಾರ್ತಿಗೆ ಮ್ಯಾಚ್ ಪಾಯಿಂಟ್ ಸಿಕ್ಕಿತು. ಸೆರೆನಾ ನೆಟ್‌ಗೆ ಧಾವಿಸಿದಳು. ಈಕೆ ಬ್ಯಾಕ್‌ಹ್ಯಾಂಡನ್ನು ಅಡ್ಡಕ್ಕೆ ಹೊಡೆದಳು. ಸೆರೆನಾಳ ವಾಲಿ ನೆಟ್‌ನ ಪಟ್ಟಿಗೆ ತಾಗಿ ಈ ಕಡೆ ಬಿತ್ತು. ಗೆರೆಗುಂಟ ನೇರ ಹೊಡೆಯುವ ಸಾಹಸ ಮಾಡಬೇಕಿತ್ತೇನೋ ಎಂದು ಆಕೆ ಆಮೇಲೆ ಹೇಳಿಕೊಂಡಳು. 7–6, 5–7, 6–8. ಐದು ವರ್ಷ ಎಲ್ಲರೂ ದೂರಿದ್ದ ಸರ್ವ್ ಅಂದಿನ ಸೋಲಿಗೆ ಕಾರಣವಾಗಿರಲಿಲ್ಲ. ಒಂದು ಹೊಡೆತದ ಆಯ್ಕೆ, ನೆಟ್‌ಗೆ ತಾಗಿದ ಚೆಂಡು ಇಷ್ಟೇ ಕಾರಣ.

ಮುಕ್ತಾಯ

2010ರ ಜನವರಿಯಲ್ಲಿ ಸಿಡ್ನಿ ಫೈನಲ್‌ನಲ್ಲಿ ಸೆರೆನಾಳನ್ನು 6–3, 6–2ರಿಂದ ಸೋಲಿಸಿದಳು. ಜೂನ್‌ನಲ್ಲಿ ಫ್ರೆಂಚ್ ಓಪನ್ ಸೆಮಿಫೈನಲ್. ಕಾಲಿನ ಮೀನಖಂಡ ಹರಿದಿತ್ತು, ಮೊದಲ ಸೆಟ್ ಟೈಬ್ರೇಕ್‌ನಲ್ಲಿ ಸೋತ ಮೇಲೆ ಆಡಲಾಗದೆ ಕೈಕುಲುಕಿ ಹೊರಟಳು. ವಿಂಬಲ್ಡನ್ ತಪ್ಪಿತು, 46ರ ಸರಣಿ ಅಲ್ಲಿಗೆ ಕೊನೆಯಾಯಿತು.

ಅಕ್ಟೋಬರ್ 29ರಂದು ದೋಹಾದಲ್ಲಿ, ವರ್ಷಾಂತ್ಯದ ಚಾಂಪಿಯನ್‌ಷಿಪ್ ಪಂದ್ಯ ಸೋತ ಕೂಡಲೇ ಅಂಗಣದಲ್ಲೇ ನಿವೃತ್ತಿ ಹೇಳಿದಳು. ಆಗಲೂ ವಿಶ್ವದ ಮೊದಲ ಹತ್ತರಲ್ಲಿ ಇದ್ದಳು. ಸೀಸನ್ ಶುರುವಾದಾಗಲೇ ನಿರ್ಧಾರ ಮಾಡಿದ್ದಾಗಿ ತಿಳಿಸಿದಳು. ಅಂದರೆ ಗಾಯ ಆಕೆಯನ್ನು ಹೊರಗೆ ತಳ್ಳಲಿಲ್ಲ, ರ‍್ಯಾಂಕ್ ಕುಸಿದು ಹೋಗಲಿಲ್ಲ. ತಾನೇ ದಿನ ನೋಡಿ ಇಳಿದಳು.

ಕಲಿಯಬೇಕಾದದ್ದು

ಮೊದಲನೆಯದು ಪೋಷಕರಿಗೂ ಕೋಚ್‌ಗಳಿಗೂ ಸೇರಿದ್ದು. ದೋಷ ಹುಟ್ಟಿದ್ದು ತರಬೇತಿಯ ಕೊರತೆಯಿಂದ ಅಲ್ಲ, ನೋವಿನ ಜೊತೆ ಆಡಿದ್ದರಿಂದ. ಮಗು ಭುಜ ನೋವು ಎಂದಾಗ ನೋವು ಹೋಯಿತಾ ಅಂತ ಮಾತ್ರ ಕೇಳುತ್ತೇವೆ. ನೋವಿದ್ದಾಗ ಹೊಡೆತ ಹೇಗೆ ಬದಲಾಯಿತು, ನೋವು ಹೋದ ಮೇಲೆ ಅದು ಹಿಂದಿನ ರೂಪಕ್ಕೆ ಬಂತಾ ಎಂದು ಯಾರೂ ನೋಡುವುದಿಲ್ಲ.

ಬಲವನ್ನು ಬೆಳೆಸುವುದೂ ದೋಷವನ್ನು ತಿದ್ದುವುದೂ ಒಂದರ ಬದಲಿಗೆ ಇನ್ನೊಂದು ಅಲ್ಲ. ಈಕೆ ಬಲ ಬೆಳೆಸಿಕೊಂಡದ್ದರಿಂದಲೇ ಮೇಲೆ ಬಂದಳು. ಆದರೆ ಆ ಬಲ ಬಳಕೆಗೆ ಬರುವಷ್ಟು ಮಟ್ಟಿಗಾದರೂ ದೋಷ ಸರಿಯಾಗಬೇಕಿತ್ತು. "ಎಲ್ಲರಷ್ಟು ಚೆನ್ನಾಗಿ" ಎಂಬ ಗುರಿಯನ್ನು ಬಿಟ್ಟು "ಇಷ್ಟಿದ್ದರೆ ಸಾಕು" ಎಂಬ ಗುರಿ ಹಿಡಿದಾಗ ಕೆಲಸ ಮುಂದೆ ಸಾಗಿತು. ಆ ಗುರಿ 2004ಕ್ಕೆ ಮುಂಚೆಯೇ ಸಿಕ್ಕಿದ್ದರೆ ಕಥೆ ಬೇರೆ ಇರುತ್ತಿತ್ತು ಎಂದು ನಾನು ನಂಬುತ್ತೇನೆ.

ದುರಸ್ತಿಗೆ ಸಮಯ ಕೊಡುವ ಪ್ರಶ್ನೆಯಲ್ಲಿ ಸುಲಭದ ಉತ್ತರ ಇಲ್ಲ. ಆರು ತಿಂಗಳು ಹೊರಗುಳಿದಿದ್ದರೆ ಸರ್ವ್ ಬದಲಾಗುತ್ತಿತ್ತೋ, ಅಥವಾ ಲಯವೇ ಹೋಗುತ್ತಿತ್ತೋ. 22ನೇ ವಯಸ್ಸಿಗೆ ಎರಡು ಗ್ರ್ಯಾನ್‌ಸ್ಲಾಮ್ ಫೈನಲ್ ಆಡಿದವಳಿಗೆ ಟೂರ್ನಿ ಬಿಡು ಎಂದು ಹೇಳುವ ಧೈರ್ಯ ಯಾವ ಕೋಚ್‌ಗೂ ಬರುವುದು ಕಷ್ಟ. ಆದರೆ 14–15 ವರ್ಷದ ಆಟಗಾರರ ವಿಷಯದಲ್ಲಿ ಈ ಕಷ್ಟ ಇಲ್ಲ. ಅವರಿಗೆ ಕಾಪಾಡಿಕೊಳ್ಳಬೇಕಾದ ದೊಡ್ಡ ರ‍್ಯಾಂಕ್ ಇರುವುದಿಲ್ಲ, ಎರಡು ಟೂರ್ನಿ ತಪ್ಪಿದರೆ ಏನೂ ಆಗುವುದಿಲ್ಲ. ಭುಜದ ನೋವಿನಿಂದ ವಾಪಸ್ ಬಂದ ಹುಡುಗ ಹುಡುಗಿಯರಿಗೆ ಪಂದ್ಯಕ್ಕೆ ಇಳಿಸುವ ಮೊದಲು ಸರ್ವ್‌ನ ವಿಡಿಯೊ ತೆಗೆದು, ಗಾಯಕ್ಕೆ ಮುಂಚಿನ ವಿಡಿಯೊ ಪಕ್ಕ ಇಟ್ಟು ನೋಡಬೇಕು. ಚೆಂಡಿನ ಎಸೆತ ಬಲಕ್ಕೆ ಸರಿದಿದೆಯಾ, ಚೆಂಡು ತಾಗುವ ಎತ್ತರ ಇಳಿದಿದೆಯಾ ಎಂಬ ಎರಡನ್ನು ಮೊದಲು ನೋಡಿದರೆ ಸಾಕು. ಇಳಿದಿದ್ದರೆ ಟೂರ್ನಿ ಫಾರ್ಮ್ ಬದಿಗಿಟ್ಟು ಮತ್ತೆ ಚೆಂಡಿಲ್ಲದ ಅಭ್ಯಾಸದಿಂದ ಶುರುಮಾಡಬೇಕು.